ಮೊದಲ ಪಾಠ ಎಲ್ಲಿಂದ? ಪ್ರೋಗ್ರಾಮಿಂಗ್ ಕಲಿಕೆಯ ಕುರಿತು ಬುಕ್ಕಾಪಟ್ಟಣದ ಒಂದು ಸಂವಾದ

ಕಂದಾಯದ ಲೆಕ್ಕದಲ್ಲಿ ತುಮಕೂರು ಒಂದೇ ಜಿಲ್ಲೆಯಾದರೂ ಶಾಲಾ ಶಿಕ್ಷಣದ ಆಡಳಿತಕ್ಕೆ ಅದು ಎರಡಾಗಿ ಒಡೆದಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿವೆ, ಶಿರಾ ತಾಲ್ಲೂಕಿನ ಹೋಬಳಿ ಕೇಂದ್ರವಾದ ಬುಕ್ಕಾಪಟ್ಟಣವೂ ಅದರೊಳಗೇ ಬರುತ್ತದೆ. ಮಳೆಯನ್ನೇ ನೆಚ್ಚಿದ ಬೇಸಾಯದ ಈ ಬಯಲುಸೀಮೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಬಹುಪಾಲು ಕನ್ನಡ ಮಾಧ್ಯಮದಲ್ಲಿ ಓದುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರನೆಯ ತರಗತಿಯಿಂದ ಆರಂಭವಾಗುವ ಮಾಧ್ಯಮಿಕ ಹಂತದಲ್ಲಿಯೇ ಮಕ್ಕಳಿಗೆ ಕೋಡಿಂಗ್ ಚಟುವಟಿಕೆಗಳನ್ನು ಪರಿಚಯಿಸಬೇಕೆಂದು ಹೇಳಿದ ಮೇಲೆ, ಕಂಪ್ಯೂಟರನ್ನು ಮುಟ್ಟಿಯೂ ನೋಡದ ಮಗುವಿಗೆ ಈ ವಿದ್ಯೆಯನ್ನು ಯಾವ ತುದಿಯಿಂದ ಆರಂಭಿಸಬೇಕು ಎಂಬ ಪ್ರಶ್ನೆ ಇಂತಹ ಊರುಗಳಿಗೂ ಬಂದು ನಿಂತಿದೆ.

ಪ್ರೋಗ್ರಾಮಿಂಗ್ ಎಂದರೆ ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಿ, ಆ ಹೆಜ್ಜೆಗಳನ್ನು ಕಂಪ್ಯೂಟರ್ ಚಾಚೂ ತಪ್ಪದೆ ನಡೆಸುವಂತೆ ಗೊತ್ತಾದ ನಿಯಮಗಳ ಭಾಷೆಯೊಂದರಲ್ಲಿ ಬರೆದುಕೊಡುವುದು. ಹೆಜ್ಜೆಗಳ ಕ್ರಮಕ್ಕೆ ಅಲ್ಗಾರಿದಂ ಎಂದೂ, ಬರೆದ ಪಠ್ಯಕ್ಕೆ ಕೋಡ್ ಎಂದೂ ಹೆಸರು. ಇದನ್ನು ಕುರಿತು ಇಲ್ಲಿ ಮಾತನಾಡುವವರು ಇಬ್ಬರು: ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು ಒಬ್ಬರು, ಅವರ ತರಗತಿಯಲ್ಲೇ ಓದಿ ಇಂಜಿನಿಯರಿಂಗ್ ಮುಗಿಸಿ ಈಗ ಪ್ರೌಢಶಾಲೆಯ ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಹೊರಟಿರುವ ಶಿಷ್ಯೆ ಇನ್ನೊಬ್ಬಳು. ಇಬ್ಬರನ್ನೂ ಎರಡು ನಿಲುವುಗಳ ಪ್ರತಿನಿಧಿಗಳಾಗಿ ಕಾಣಬೇಕು. ಎರಡು ನಿಲುವಿನಲ್ಲೂ ಮಕ್ಕಳ ಮೇಲಿನ ಕಾಳಜಿ ಒಂದೇ ತೂಕದ್ದು.

ಮೇಷ್ಟ್ರು: ಭಾಗಾಕಾರದಲ್ಲಿ ಶೇಷ ಉಳಿದರೆ ಅದನ್ನೇನು ಮಾಡಬೇಕೆಂದು ತಿಳಿಯದ, ಕನ್ನಡದ ಒಂದು ಪ್ಯಾರಾ ಓದಿ ಅರ್ಥ ಹೇಳಲು ತಡವರಿಸುವ ಮಗುವಿನ ಮುಂದೆ ಕೀಲಿಮಣೆ ಇಟ್ಟು, ಅದಕ್ಕೆ ಸಂಬಂಧವೇ ಇಲ್ಲದ ಇಂಗ್ಲಿಷ್ ಆಜ್ಞೆಗಳನ್ನು ಉರುಹೊಡೆಸಿದರೆ ಅದು ಯಾವ ವಿದ್ಯೆಯಾದೀತಮ್ಮ? ಓದು, ಬರಹ, ಲೆಕ್ಕ ಮೊದಲು ಗಟ್ಟಿಯಾಗಲಿ. ಬುನಾದಿಯೇ ಬೀಳದ ಕಡೆ ಮಹಡಿ ಕಟ್ಟುವ ಆತುರ ಬೇಡ.

ಶಿಷ್ಯೆ: ಲೆಕ್ಕ ಗಟ್ಟಿಯಾದ ಮೇಲೆಯೇ ಕಂಪ್ಯೂಟರ್ ಎಂದು ನಿಯಮ ಮಾಡಿದರೆ ಎಷ್ಟೋ ಮಕ್ಕಳ ಪಾಲಿಗೆ ಆ ದಿನ ಬರುವುದೇ ಇಲ್ಲ, ಮೇಷ್ಟ್ರೇ. ಲೆಕ್ಕಕ್ಕೆ ಹೆದರುವ ಮಗುವಿಗೆ ಲೆಕ್ಕವನ್ನೇ ಬೇರೆ ದಾರಿಯಿಂದ ತೋರಿಸಬಹುದೆಂಬ ನಂಬಿಕೆಯಿಂದ ಸೀಮೋರ್ ಪೇಪರ್ಟ್ ಮತ್ತು ಸಂಗಡಿಗರು 1967ರಲ್ಲಿ ಅಮೆರಿಕದಲ್ಲಿ ಲೋಗೋ ಎಂಬ ಭಾಷೆಯನ್ನು ಮಕ್ಕಳಿಗೆಂದೇ ರೂಪಿಸಿದರು. ಅದರಲ್ಲಿ ಪರದೆಯ ಮೇಲಿನ ಆಮೆಗೆ ‘ಇಷ್ಟು ಮುಂದೆ ಹೋಗು, ಇಷ್ಟು ಡಿಗ್ರಿ ತಿರುಗು’ ಎಂದು ಹೇಳುತ್ತಾ ಮಗು ಚೌಕ ಬಿಡಿಸುತ್ತದೆ, ತ್ರಿಭುಜ ಬಿಡಿಸುತ್ತದೆ. ತ್ರಿಭುಜಕ್ಕೆ 60 ಡಿಗ್ರಿ ತಿರುಗಿಸಿದಾಗ ಆಕೃತಿ ಕೂಡದೆ ಹೋಗಿ, 120 ಡಿಗ್ರಿ ತಿರುಗಿಸಿದಾಗ ಕೂಡಿಕೊಂಡರೆ, ಹೊರಕೋನವೆಂದರೇನು ಎಂಬುದನ್ನು ಆ ಮಗುವಿಗೆ ಇನ್ನೊಬ್ಬರು ಹೇಳಿಕೊಡಬೇಕಾಗುವುದಿಲ್ಲ.

ಮೇಷ್ಟ್ರು: ಪೇಪರ್ಟ್ ಅವರ ಆಶಯ ದೊಡ್ಡದು, ಆದರೆ ಆಶಯವನ್ನು ಪರೀಕ್ಷಿಸಿ ನೋಡಿದವರೂ ಇದ್ದರು. ಲೋಗೋ ಕಲಿತ ಮಕ್ಕಳಿಗೆ ಬೇರೆ ಕೆಲಸಗಳಲ್ಲಿಯೂ ಯೋಜನೆ ಹಾಕುವ ಶಕ್ತಿ ಹೆಚ್ಚುತ್ತದೆಯೇ ಎಂದು ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲ್ಯಾಂಡ್ ಅವರು 1980ರ ದಶಕದ ಮೊದಲ ಭಾಗದಲ್ಲಿ ಅಳೆದು ನೋಡಿದಾಗ ಅಂತಹ ಲಾಭವೇನೂ ಕಾಣಿಸಲಿಲ್ಲ. ಕೋಡಿಂಗ್ ಕಲಿತರೆ ಬುದ್ಧಿಯೇ ಚುರುಕಾಗುತ್ತದೆಂದು ಇಂದು ಜಾಹೀರಾತು ಕೊಡುವವರು ಈ ಫಲಿತಾಂಶವನ್ನು ಪೋಷಕರಿಗೆ ಹೇಳುವುದೇ ಇಲ್ಲ.

ಶಿಷ್ಯೆ: ಆ ಫಲಿತಾಂಶವನ್ನು ಅಲ್ಲಗಳೆಯುವಂತಿಲ್ಲ, ಅದರ ಪಾಠವೂ ಬೆಲೆಯುಳ್ಳದ್ದೇ: ಮಗುವನ್ನು ಯಂತ್ರದ ಮುಂದೆ ಕೂರಿಸಿಬಿಟ್ಟರೆ ವಿವೇಕ ತಾನಾಗಿ ಹುಟ್ಟುವುದಿಲ್ಲ, ಕಲಿಸುವವರು ಬೇಕು. ಅದೇ ರಾಯ್ ಪೀ 1986ರಲ್ಲಿ ಇನ್ನೊಂದು ಮುಖ್ಯವಾದ ಸಂಗತಿಯನ್ನು ಗುರುತಿಸಿದರು. ಯಾವ ಭಾಷೆಯಲ್ಲಿ ಕೋಡ್ ಬರೆಯಲು ಆರಂಭಿಸಿದರೂ ಹೊಸಬರ ಹಲವು ತಪ್ಪುಗಳ ಬೇರು ಒಂದೇ; ಯಂತ್ರದೊಳಗೆ ತಮ್ಮ ಮನಸ್ಸನ್ನು ಅರಿಯುವ ಬುದ್ಧಿಯೊಂದು ಅಡಗಿದೆ, ಅರ್ಧ ಹೇಳಿದರೆ ಉಳಿದರ್ಧವನ್ನು ಅದೇ ಊಹಿಸಿಕೊಳ್ಳುತ್ತದೆ ಎಂದು ಅವರು ತಿಳಿಯದೆಯೇ ನಂಬಿರುತ್ತಾರೆ. ಆರಂಭಿಕರಿಗೆ ಮೊದಲು ಬಿಡಿಸಬೇಕಾದದ್ದು ಈ ಗಂಟನ್ನು; ಸಿಂಟ್ಯಾಕ್ಸ್, ಅಂದರೆ ಅರ್ಧವಿರಾಮ, ಆವರಣ, ಖಾಲಿ ಜಾಗಗಳ ನಿಯಮ, ಆಮೇಲಿನ ಮಾತು.

ಮೇಷ್ಟ್ರು: ಗಂಟು ಬಿಡಿಸುವ ಪಾಠ ಹೇಗಿರುತ್ತದೆಂದು ಈ ಸೀಮೆಯ ಮಗುವಿಗೆ ತಿಳಿಯುವಂತೆ ಹೇಳು. ಕಂಪ್ಯೂಟರ್ ಪುಸ್ತಕಗಳಲ್ಲಿ ಬರುವ ಪಿಜ್ಜಾ ಅಂಗಡಿ, ವಿಮಾನದ ಟಿಕೆಟ್ ಬೇಡ.

ಶಿಷ್ಯೆ: ಮಳೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿರುವುದರಿಂದ ಮಿಲಿಮೀಟರಿನ ಲೆಕ್ಕ ಇಲ್ಲಿನ ಮಕ್ಕಳಿಗೆ ಹೊಸದಲ್ಲ. ಉದಾಹರಣೆಗೆಂದು ಐದು ದಿನಗಳ ಮಳೆ 0, 4, 0, 12.5, 1.5 ಮಿಲಿಮೀಟರ್ ಎಂದು ಇಟ್ಟುಕೊಂಡು, ‘ಸರಾಸರಿ ಮಳೆ ಎಷ್ಟು?’ ಎಂದು ಕೇಳಬೇಕು. ಮೊತ್ತ 18, ಐದು ದಿನಕ್ಕೆ ಹಂಚಿದರೆ 3.6 ಬರುತ್ತದೆ. ಹನಿ ಬಿದ್ದ ಮೂರು ದಿನಕ್ಕೆ ಮಾತ್ರ ಹಂಚಿದರೆ 6. ಭಾರತೀಯ ಹವಾಮಾನ ಇಲಾಖೆಯ ವ್ಯಾಖ್ಯೆಯಂತೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನ ಮಾತ್ರ ಮಳೆಯ ದಿನ. ಆ ಲೆಕ್ಕಕ್ಕೆ ಎರಡೇ ದಿನ ಉಳಿದು ಉತ್ತರ 9 ಆಗುತ್ತದೆ. ಆ ಎರಡು ದಿನ ಬಿದ್ದ ಮಳೆಯನ್ನಷ್ಟೇ ಕೂಡಿ ಹಂಚಿದರೆ 8.25. ಪ್ರಶ್ನೆ ಒಂದೇ, ಕೂಡುವುದರಲ್ಲಿ ಯಾರೂ ತಪ್ಪಿಲ್ಲ, ಆದರೂ ಉತ್ತರ ನಾಲ್ಕು; ಏಕೆಂದರೆ ಪ್ರಶ್ನೆಯೇ ಪೂರ್ತಿಯಾಗಿರಲಿಲ್ಲ.

ಮೇಷ್ಟ್ರು: ಪಾಠ ಚೆನ್ನಾಗಿದೆ, ಒಪ್ಪಬೇಕಾದ್ದೇ. ಆದರೆ ಈ ನಾಲ್ಕು ಉತ್ತರವೂ ಬಾಯಿಲೆಕ್ಕದಲ್ಲೇ ಸಿಕ್ಕವಲ್ಲ, ಕರಿಹಲಗೆ ಇದ್ದರೆ ಸಾಕಾಯಿತು. ಯಂತ್ರ ಎಲ್ಲಿ ಬೇಕಾಯಿತು? ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು 1990ರ ದಶಕದಿಂದಲೂ ಕಂಪ್ಯೂಟರ್ ವಿಜ್ಞಾನವನ್ನು ಕಂಪ್ಯೂಟರ್ ಇಲ್ಲದೆಯೇ ಕಲಿಸುವ ಪಾಠಗಳನ್ನು ಕಟ್ಟಿದ್ದಾರೆ. 16, 8, 4, 2, 1 ಚುಕ್ಕಿಗಳ ಐದು ರಟ್ಟಿನ ಹಾಳೆ ಹಿಡಿದು ಐದು ಮಕ್ಕಳು ಸಾಲಾಗಿ ನಿಂತರೆ ಸಾಕು. 21 ಎಂದು ಕೂಗಿದಾಗ 16, 4, 1 ಹಿಡಿದವರು ಹಾಳೆ ಎತ್ತುತ್ತಾರೆ, ಉಳಿದಿಬ್ಬರು ಇಳಿಸುತ್ತಾರೆ. ಎತ್ತಿದ್ದಕ್ಕೆ 1, ಇಳಿಸಿದ್ದಕ್ಕೆ 0 ಎಂದು ಬರೆದರೆ 10101 ಆಯಿತು. ಎರಡೇ ಅಂಕಿಗಳಿಂದ ಎಲ್ಲ ಸಂಖ್ಯೆ ಬರೆಯುವ ದ್ವಿಮಾನ ಪದ್ಧತಿ ಶಾಲೆಯ ಅಂಗಳದಲ್ಲೇ ತಿಳಿದುಹೋಯಿತು. ಕರೆಂಟು ಬೇಡ, ಬಾಡಿಗೆ ಬೇಡ, ರಿಪೇರಿ ಬೇಡ.

ಶಿಷ್ಯೆ: ಅಂಗಳದ ಆಟ ಆರಂಭಕ್ಕೆ ಬೇಕು; ಅಲ್ಲಿಗೇ ನಿಂತರೆ ಮುಖ್ಯವಾದದ್ದೊಂದು ತಪ್ಪಿಹೋಗುತ್ತದೆ. ಕರಿಹಲಗೆಯ ಮೇಲೆ ಮಗು ಅರ್ಧ ಬರೆದರೂ ಅದರ ಮನಸ್ಸಿನಲ್ಲಿದ್ದದ್ದೇನೆಂದು ಮೇಷ್ಟ್ರಿಗೆ ತಿಳಿಯುತ್ತದೆ, ಮೇಷ್ಟ್ರು ಪ್ರೀತಿಯಿಂದ ಉಳಿದದ್ದನ್ನು ತುಂಬಿಕೊಳ್ಳುತ್ತಾರೆ; ಯಂತ್ರ ತುಂಬಿಕೊಳ್ಳುವುದಿಲ್ಲ. ಮಳೆಯ ಮೊತ್ತವನ್ನು ಮಳೆಯ ದಿನಗಳ ಸಂಖ್ಯೆಯಿಂದ ಭಾಗಿಸು ಎಂದು ಮಗು ಬರೆದ ಪ್ರೋಗ್ರಾಂ ಆಗಸ್ಟಿನ ಅಂಕಿಗಳಿಗೆ ಸರಿಯಾಗಿ ನಡೆಯುತ್ತದೆ. ಒಂದು ಹನಿಯೂ ಬೀಳದ ಫೆಬ್ರವರಿಯ ಅಂಕಿಗಳನ್ನು ಕೊಟ್ಟ ಕೂಡಲೇ ಮಳೆಯ ದಿನಗಳ ಸಂಖ್ಯೆ ಸೊನ್ನೆಯಾಗಿ, ಸೊನ್ನೆಯಿಂದ ಭಾಗಿಸಲಾಗದು ಎಂಬ ಸಂದೇಶ ತೋರಿಸಿ ಅದು ನಿಂತುಬಿಡುತ್ತದೆ. ಶಿರಾ, ಪಾವಗಡಗಳ ಮಗುವಿಗೆ ಮಳೆಯಿಲ್ಲದ ತಿಂಗಳು ಕಣ್ಣೆದುರಿನ ಸತ್ಯ. ಆ ಸತ್ಯವನ್ನು ಹೆಜ್ಜೆಗಳೊಳಗೆ ಹೇಳಲು ಮರೆತಿದ್ದೇನೆಂದು ಆ ಮಗುವಿಗೆ ಹೊಳೆಯುವುದು ಯಂತ್ರ ನಿಂತಾಗಲೇ.

ಮೇಷ್ಟ್ರು: ನೋಟ್‌ಬುಕ್ಕಿನಲ್ಲಾದರೆ ಅದೇ ಮಗು ‘ಈ ತಿಂಗಳು ಮಳೆ ಇಲ್ಲ’ ಎಂದು ಬರೆದು ಮುಂದಕ್ಕೆ ಹೋಗುತ್ತಿತ್ತು. ಅದು ವಿವೇಕ. ವಿವೇಕವಿರುವ ಮಗುವನ್ನು ವಿವೇಕವಿಲ್ಲದ ಯಂತ್ರದ ಮಟ್ಟಕ್ಕೆ ಇಳಿದು ಮಾತನಾಡಲು ಕಲಿಸುವುದು ಏಕೆ?

ಶಿಷ್ಯೆ: ರೇಷನ್ ಕಾರ್ಡಿನಿಂದ ಹಿಡಿದು ಪಹಣಿಯವರೆಗೆ, ಬೆಳೆ ವಿಮೆಯಿಂದ ಹಿಡಿದು ವಿದ್ಯಾರ್ಥಿವೇತನದವರೆಗೆ ಆ ಮಗುವಿನ ಮನೆಯ ವ್ಯವಹಾರ ನಡೆಯುವುದು ಇಂತಹ ಯಂತ್ರಗಳ ಮೂಲಕವೇ ಆದ್ದರಿಂದ. ಮಳೆಮಾಪಕ ಕೆಟ್ಟು ಅಂಕಿಯೇ ದಾಖಲಾಗದ ದಿನವನ್ನು ಸೊನ್ನೆ ಎಂದು ತೆಗೆದುಕೊಳ್ಳಬೇಕೋ, ಲೆಕ್ಕದಿಂದ ಬಿಡಬೇಕೋ ಎಂಬುದನ್ನು ಎಲ್ಲಿಯೋ ಕುಳಿತ ಒಬ್ಬ ಮನುಷ್ಯ ತೀರ್ಮಾನಿಸಿ ಬರೆದಿರುತ್ತಾನೆ. ಯಂತ್ರ ಹಾಗೆಂದಿತು ಎಂದು ಜನ ಸುಮ್ಮನಾಗುತ್ತಾರೆ. ಒಮ್ಮೆಯಾದರೂ ಸ್ವತಃ ಅಂತಹ ತೀರ್ಮಾನ ಮಾಡಿ ಬರೆದ ಮಗು ಮುಂದೆ ಸುಮ್ಮನಾಗುವುದಿಲ್ಲ, ಈ ತೀರ್ಮಾನ ಯಾರದ್ದು ಎಂದು ಕೇಳುತ್ತದೆ.

ಇಲ್ಲಿಂದ ಮುಂದಕ್ಕೆ ಮಾತು ಪಾವಗಡದ ಕಡೆಗೆ ಹೊರಳುತ್ತದೆ. ತಿರುಮಣಿಯ ಸುತ್ತಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯ ಮೇಲೆ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕಿಗೆ ರೈತರು ಜಮೀನನ್ನು ಮಾರದೆ 28 ವರ್ಷಗಳ ಗುತ್ತಿಗೆಗೆ ಕೊಟ್ಟಿದ್ದಾರೆ; ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ ಎಂಬುದು ಎಲ್ಲರಿಗೂ ತಿಳಿದ ಮಾತು.

ಶಿಷ್ಯೆ: ಲೂಪ್ ಎಂಬ ಕಲ್ಪನೆಯನ್ನು ಕಲಿಸಲು ಇದಕ್ಕಿಂತ ಹತ್ತಿರದ ಲೆಕ್ಕ ಸಿಗಲಾರದು. ಒಂದೇ ಕೆಲಸವನ್ನು ಹೇಳಿದಷ್ಟು ಸಲ ಮರಳಿ ಮಾಡಿಸುವ ರಚನೆಗೆ ಲೂಪ್ ಎನ್ನುತ್ತಾರೆ. 28 ವರ್ಷವೆಂದರೆ ಎರಡೆರಡು ವರ್ಷದ 14 ಸುತ್ತು. ಪ್ರತಿ ಸುತ್ತಿನಲ್ಲೂ ಎರಡು ವರ್ಷದ ಬಾಡಿಗೆಯನ್ನು ಮೊತ್ತಕ್ಕೆ ಕೂಡಿ, ಬಳಿಕ ಬಾಡಿಗೆಯನ್ನು ಏರಿಸಬೇಕು. ಇದನ್ನು ಬರೆಯಹೊರಟ ಕೂಡಲೇ ಪ್ರಶ್ನೆ ಹುಟ್ಟುತ್ತದೆ: ಶೇ 5 ಎಂದರೆ ಮೊದಲಿನ 21,000ದ ಮೇಲೋ, ಆಯಾ ಸುತ್ತಿನ ಬಾಡಿಗೆಯ ಮೇಲೋ? ಮೂಲದ ಮೇಲೆ ಎಂದು ಬರೆದರೆ ಪ್ರತಿ ಸಲ 1,050 ರೂಪಾಯಿ ಏರುತ್ತಾ ಕೊನೆಯ ಸುತ್ತಿನ ಬಾಡಿಗೆ 34,650, ಎಕರೆಗೆ ಒಟ್ಟು 7,79,100 ರೂಪಾಯಿ. ಆಯಾ ಸುತ್ತಿನ ಬಾಡಿಗೆಯ ಮೇಲೆ ಎಂದು ಬರೆದರೆ ಕೊನೆಯ ಸುತ್ತಿಗೆ ಅದು 39,598 ದಾಟಿ, ಒಟ್ಟು 8,23,142 ರೂಪಾಯಿಯಾಗುತ್ತದೆ. ಕೋಡಿನಲ್ಲಿ ಒಂದು ಹೆಸರು ಬದಲಾದದ್ದಕ್ಕೆ ಎಕರೆಗೆ 44 ಸಾವಿರಕ್ಕೂ ಹೆಚ್ಚಿನ ಅಂತರ!

ಮೇಷ್ಟ್ರು: ಆ ಎರಡರಲ್ಲಿ ಯಾವುದು ಸರಿ ಎಂಬುದನ್ನು ನಿನ್ನ ಪ್ರೋಗ್ರಾಂ ಹೇಳಿತೇ? ಕರಾರುಪತ್ರ ತೆರೆದು ಓದಿದರಷ್ಟೇ ಅದು ತಿಳಿಯುವುದು. ಕಾನೂನಿನ ಒಂದು ವಾಕ್ಯವನ್ನು ನಿಧಾನವಾಗಿ ಓದಿ, ‘ಅದರ ಮೇಲೆ’ ಎಂದಾಗ ಯಾವುದರ ಮೇಲೆ ಎಂದು ಹುಡುಕುವ ಶಕ್ತಿ ಭಾಷೆಯ ತರಗತಿಯಲ್ಲಿ ಬರಬೇಕಾದದ್ದು. ಓದಲು ಬಾರದವನಿಗೆ ಎರಡೂ ಉತ್ತರವನ್ನು ದಶಮಾಂಶ ಸ್ಥಾನದವರೆಗೆ ಕೊಟ್ಟರೂ ಅವನು ಇದ್ದಲ್ಲಿಯೇ ಇರುತ್ತಾನೆ.

ಶಿಷ್ಯೆ: ಓದಿನ ಮಾತು ನಿಜ. ಆದರೆ ಆ ವಾಕ್ಯದಲ್ಲಿ ಹುಡುಕಬೇಕಾದದ್ದೊಂದು ಇದೆ ಎಂಬ ಅರಿವು ಹೆಜ್ಜೆಹೆಜ್ಜೆಯಾಗಿ ಬರೆಯುವಾಗ ಬಂತು. ಕೇವಲ ಓದುವಾಗ ಕಣ್ಣು ಅದನ್ನು ದಾಟಿಕೊಂಡು ಹೋಗುತ್ತಿತ್ತು. ಓದು ಬರೆಯುವುದನ್ನು ತಿದ್ದುತ್ತದೆ, ಬರೆಯುವುದು ಓದನ್ನು ತಿದ್ದುತ್ತದೆ; ಎರಡನ್ನೂ ಒಂದೇ ವರ್ಷ ಕಲಿಸಬಾರದೇಕೆ?

ಮೇಷ್ಟ್ರು: ಇನ್ನೊಂದು ತೊಡಕಿದೆ. ವೇರಿಯೇಬಲ್ ಎಂದರೆ ಬೆಲೆ ಬದಲಾಗಬಲ್ಲ ಹೆಸರು ಎಂದು ಕಲಿಸಿ, ‘ಮೊತ್ತ = ಮೊತ್ತ + 4’ ಎಂದು ಬರೆಸುತ್ತೀರಿ. ಎಡವೂ ಬಲವೂ ಸಮ ಎಂದು ಬೀಜಗಣಿತದಲ್ಲಿ ಕಲಿತ ಮಗು ಎರಡೂ ಕಡೆಯಿಂದ ಮೊತ್ತವನ್ನು ಕಳೆದು, 0 = 4 ಆಯಿತಲ್ಲ ಎಂದು ಕಂಗಾಲಾಗುತ್ತದೆ. ಗಣಿತದ ತರಗತಿ ವರ್ಷಗಟ್ಟಲೆ ಕಟ್ಟಿದ್ದನ್ನು ಒಂದೇ ಗಂಟೆಯಲ್ಲಿ ಅಲುಗಾಡಿಸಿದಂತಾಗಲಿಲ್ಲವೇ?

ಶಿಷ್ಯೆ: ಆ ಮಗು ಸರಿಯಾದ ಪ್ರಶ್ನೆಯನ್ನೇ ಕೇಳಿದೆ, ಉತ್ತರ ಕೊಡದೆ ‘ಹಾಗೇ ಬರಿ’ ಎನ್ನುವ ಬೋಧಕರದ್ದೇ ತಪ್ಪು. ಇಲ್ಲಿ ಆ ಚಿಹ್ನೆ ಸಮತೆಯನ್ನು ಹೇಳುವುದಿಲ್ಲ. ಬಲಗಡೆಯ ಲೆಕ್ಕವನ್ನು ಮೊದಲು ಮಾಡಿ, ಬಂದ ಬೆಲೆಯನ್ನು ಎಡಗಡೆಯ ಹೆಸರಿನಲ್ಲಿ ಇಡು ಎಂದು ಆಜ್ಞೆ ಕೊಡುತ್ತದೆ. ಕಾಗದದ ಮೇಲೆ ‘ಮೊತ್ತ’ ಎಂದು ಬರೆದು ಒಂದು ಚೌಕ ಹಾಕಿ, ಒಳಗೆ 0 ಬರೆದು, ಪ್ರತಿ ಸಾಲು ನಡೆದಂತೆ ಹಳೆಯ ಅಂಕಿ ಹೊಡೆದುಹಾಕಿ ಹೊಸದನ್ನು ಬರೆಯುತ್ತಾ ಹೋದರೆ ಮಳೆಯ ಐದು ಅಂಕಿ ಮುಗಿಯುವಷ್ಟರಲ್ಲಿ 0, 0, 4, 4, 16.5, 18 ಎಂದು ಆ ಚೌಕದೊಳಗೆ ನಡೆದದ್ದೆಲ್ಲ ಕಣ್ಣಿಗೆ ಕಾಣುತ್ತದೆ. ಯಂತ್ರದ ಬದಲು ತಾನೇ ಸಾಲು ಸಾಲಾಗಿ ನಡೆಸಿ ನೋಡುವ ಈ ಅಭ್ಯಾಸವನ್ನು ಕೀಲಿಮಣೆ ಮುಟ್ಟುವ ಮೊದಲೇ ಮಾಡಿಸಬೇಕು.

ಮೇಷ್ಟ್ರು: ಹಾಗಾದರೆ ಪೆನ್ಸಿಲ್ಲು, ಕಾಗದಕ್ಕೆ ನೀನೂ ಮರಳಿ ಬಂದಂತಾಯಿತು.

ಶಿಷ್ಯೆ: ಕಾಗದ ಬಿಡಬೇಕೆಂದು ಹೇಳಿದ್ದೇ ಇಲ್ಲ, ಮೇಷ್ಟ್ರೇ; ಕಾಗದಕ್ಕೇ ನಿಲ್ಲಬಾರದೆಂದು ಹೇಳಿದ್ದು. ಕಾಗದದ ಮೇಲೆ ಮೊದಲು ಊಹಿಸಬೇಕು, ಬಳಿಕ ಯಂತ್ರದಲ್ಲಿ ನಡೆಸಿ ನೋಡಬೇಕು, ಊಹೆಗೂ ಫಲಕ್ಕೂ ಅಂತರ ಬಂದರೆ ಕಾರಣ ಹುಡುಕಬೇಕು. ತಪ್ಪನ್ನು ಹುಡುಕಿ ತಿದ್ದುವ ಆ ಕೆಲಸಕ್ಕೆ ಡೀಬಗ್ಗಿಂಗ್ ಎಂದು ಹೆಸರು, ಕಲಿಕೆಯ ಸಾರವೆಲ್ಲ ಅಲ್ಲೇ ಇದೆ.

ಭಾಷೆಯ ಪ್ರಶ್ನೆಗೆ ಬಂದಾಗ ಇಬ್ಬರ ನಿಲುವೂ ಸ್ವಲ್ಪ ಅದಲುಬದಲಾಗುತ್ತದೆ. ಸಂಶಯಪಡುತ್ತಿದ್ದ ಮೇಷ್ಟ್ರು ಕನ್ನಡದ ಪಕ್ಷ ವಹಿಸಿದರೆ, ಉತ್ಸಾಹದ ಶಿಷ್ಯೆ ಎಚ್ಚರಿಕೆಯ ಮಾತಾಡುತ್ತಾಳೆ.

ಮೇಷ್ಟ್ರು: ಕಲಿಸಲೇಬೇಕೆಂದಾದರೆ ಕನ್ನಡದಲ್ಲಿ ಕಲಿಸಲಿ. ಲೋಗೋವನ್ನು ಕನ್ನಡಕ್ಕೆ ತಂದು, ಆಮೆಗೆ ಕನ್ನಡದಲ್ಲೇ ಆಜ್ಞೆ ಕೊಡಬಹುದೆಂದು ಡಾ. ಯು. ಬಿ. ಪವನಜ ಅವರು ತೋರಿಸಿಕೊಟ್ಟಿದ್ದಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ನೋಡು. ಕೇರಳವು 2001ರಲ್ಲಿ ಆರಂಭಿಸಿದ ಐಟಿ@ಸ್ಕೂಲ್ ಯೋಜನೆಯ ಮುಂದುವರಿಕೆಯಾಗಿ ಬಂದ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕಗಳು ಅವರಿಗೆ ಕನ್ನಡದಲ್ಲೇ ಸಿಗುತ್ತವೆ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠವನ್ನೂ ಅವರು ಕನ್ನಡದ ವಿವರಣೆಯೊಂದಿಗೆ ಓದುತ್ತಾರೆ. ರಾಜ್ಯದ ಗಡಿಯಾಚೆ ಸಾಧ್ಯವಾದದ್ದು ಶಿರಾ ತಾಲ್ಲೂಕಿನಲ್ಲಿ ಆಗದೇ?

ಶಿಷ್ಯೆ: ವಿವರಣೆ ಕನ್ನಡದಲ್ಲಿರಬೇಕೆಂಬುದಕ್ಕೆ ಎರಡು ಮಾತಿಲ್ಲ. ಯುನಿಕೋಡ್, ಅಂದರೆ ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಗೊತ್ತುಮಾಡಿದ ವ್ಯವಸ್ಥೆ, ಬಂದಮೇಲೆ ಪೈಥಾನಿನ ಮೂರನೆಯ ಆವೃತ್ತಿಯಲ್ಲಿ ಮಳೆ, ಮೊತ್ತ, ದಿನ ಎಂದು ಕನ್ನಡದ ಹೆಸರುಗಳನ್ನೇ ವೇರಿಯೇಬಲ್ಲುಗಳಿಗೆ ಇಡಬಹುದು, ಮಕ್ಕಳಿಗೆ ಅದರಿಂದ ಬಹಳ ಅನುಕೂಲ. ಆದರೆ ಇಫ್, ವೈಲ್, ಫಾರ್ ಮುಂತಾದ ಮೀಸಲು ಪದಗಳು ಇಂಗ್ಲಿಷಿನಲ್ಲೇ ಇರುತ್ತವೆ. ಪೈಥಾನಿನಲ್ಲಿ ಅಂಥವು 35, ಆರಂಭಿಕರಿಗೆ ಹತ್ತು ಹನ್ನೆರಡು ಸಾಕು. ಅಷ್ಟನ್ನು ಚಿಹ್ನೆಗಳೆಂದೇ ಭಾವಿಸಿ ಕಲಿಯುವುದು ಕಷ್ಟವಲ್ಲ, ಕಲಿತರೆ ಆ ಕೋಡನ್ನು ಜಗತ್ತಿನ ಯಾರ ಬಳಿಯೂ ತೋರಿಸಿ ಸಲಹೆ ಕೇಳಬಹುದು. ಪೂರ್ತಿ ಕನ್ನಡದ ಭಾಷೆಯೊಂದನ್ನು ಕಲಿತ ಮಗುವಿಗೆ ಮುಂದಿನ ಮೆಟ್ಟಿಲು ಎಲ್ಲಿದೆ?

ಮೇಷ್ಟ್ರು: ಪದ ಹತ್ತೇ ಇರಬಹುದು, ತಪ್ಪಾದಾಗ ಯಂತ್ರ ಕೊಡುವ ಸಂದೇಶ ಪೂರ್ತಿ ಇಂಗ್ಲಿಷಿನಲ್ಲಿರುತ್ತದಲ್ಲ? ಡೀಬಗ್ಗಿಂಗೇ ಕಲಿಕೆಯ ಸಾರ ಎಂದವಳು ನೀನು. ಆ ಸಾರವನ್ನೇ ಮಗುವಿಗೆ ತಿಳಿಯದ ಭಾಷೆಯಲ್ಲಿ ಇಟ್ಟಂತಾಯಿತು. ಒಂದೇ ಸಾಲಿನಲ್ಲಿ ಹೆಸರು ಕನ್ನಡದ್ದು, ಮೀಸಲು ಪದ ಇಂಗ್ಲಿಷಿನದು ಎಂದಾದರೆ ನಾಲ್ಕಕ್ಷರಕ್ಕೊಮ್ಮೆ ಕೀಲಿಮಣೆಯ ಭಾಷೆ ಬದಲಿಸುತ್ತಾ ಕೂರಬೇಕು.

ಶಿಷ್ಯೆ: ಅದು ನಿಜವಾದ ತೊಡಕೇ. ಅಂಕಿಗಳಲ್ಲೂ ಹೀಗೊಂದು ಅರೆಮನಸ್ಸಿದೆ. ಕೋಡಿನೊಳಗೆ ನೇರವಾಗಿ ೨೫ ಎಂದು ಬರೆದರೆ ಪೈಥಾನ್ ತಪ್ಪು ಎನ್ನುತ್ತದೆ, ಅದೇ ೨೫ನ್ನು ಬಳಕೆದಾರರು ಪಠ್ಯವಾಗಿ ಬರೆದುಕೊಟ್ಟು ಸಂಖ್ಯೆಯಾಗಿ ಪರಿವರ್ತಿಸಲು ಹೇಳಿದರೆ ಮರುಮಾತಿಲ್ಲದೆ 25 ಎಂದು ಒಪ್ಪಿಕೊಳ್ಳುತ್ತದೆ. ಸದ್ಯಕ್ಕಿರುವ ದಾರಿ ಎಂದರೆ ಮೇಲಿಂದ ಮೇಲೆ ಬರುವ ಹತ್ತಾರು ದೋಷ ಸಂದೇಶಗಳಿಗೆ ಕನ್ನಡದಲ್ಲಿ ಅರ್ಥ, ಕಾರಣ, ಪರಿಹಾರ ಬರೆದು ಲ್ಯಾಬಿನ ಗೋಡೆಗೆ ಅಂಟಿಸುವುದು. ಅದು ಪೂರ್ತಿ ಪರಿಹಾರವಲ್ಲ, ಕೈಗೆಟಕುವ ಪರಿಹಾರ.

ಮೇಷ್ಟ್ರು: ಗೋಡೆ ಎಂದಾಗ ಲ್ಯಾಬಿನ ನೆನಪಾಯಿತು. ಈ ಶತಮಾನದ ಆರಂಭದಲ್ಲಿ ಮಾಹಿತಿ ಸಿಂಧು ಯೋಜನೆಯಡಿ ರಾಜ್ಯದ 1,000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದವು, ಆಮೇಲೆಯೂ ಬೇರೆ ಬೇರೆ ಯೋಜನೆಗಳಲ್ಲಿ ಬರುತ್ತಾ ಹೋದವು. ಯಂತ್ರ ಕೊಡುವುದು ಸುಲಭ. ಯುಪಿಎಸ್ ಬ್ಯಾಟರಿ ಸತ್ತ ಮೇಲೆ, ಗುತ್ತಿಗೆಯ ಬೋಧಕ ಹೋದ ಮೇಲೆ ಬೀಗ ಹಾಕಿದ ಕೋಣೆಯಲ್ಲಿ ಧೂಳು ಹಿಡಿಯುವ ಯಂತ್ರಗಳಿಗೆ ಯಾರು ದಿಕ್ಕು? ಇದ್ದ ಕಡೆಯೂ ಒಂದು ಕಂಪ್ಯೂಟರಿಗೆ ನಾಲ್ಕು ಮಕ್ಕಳು. ಚುರುಕಾದ ಹುಡುಗನೊಬ್ಬ ಮೌಸ್ ಹಿಡಿದರೆ ಉಳಿದ ಮೂವರು, ಅದರಲ್ಲೂ ಹೆಣ್ಣುಮಕ್ಕಳು, ಹಿಂದೆ ನಿಂತು ನೋಡುವುದೇ ಆಗುತ್ತದೆ.

ಶಿಷ್ಯೆ: ಬೀಗದ ಮಾತಿಗೆ ಉತ್ತರ ಈ ರಾಜ್ಯದಲ್ಲೇ ಇದೆ. ಗುತ್ತಿಗೆಯ ಬೋಧಕರನ್ನು ನೆಚ್ಚುವ ಬದಲು ಗಣಿತ, ವಿಜ್ಞಾನ, ಸಮಾಜ ಕಲಿಸುವ ಶಿಕ್ಷಕರಿಗೇ ಕಂಪ್ಯೂಟರ್ ಕಲಿಸಬೇಕೆಂದು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ಶಿಕ್ಷಣ ಇಲಾಖೆಯೊಂದಿಗೆ ಸೇರಿ 2011ರಿಂದ ವಿಷಯ ಶಿಕ್ಷಕರ ವೇದಿಕೆಯನ್ನು ನಡೆಸಿತು. ಶಿಕ್ಷಕರು ಮುಕ್ತ ತಂತ್ರಾಂಶಗಳನ್ನು ಕಲಿತು, ತಮ್ಮ ಪಾಠ ಸಾಮಗ್ರಿಯನ್ನು ತಾವೇ ಕನ್ನಡದಲ್ಲಿ ರಚಿಸಿ ಹಂಚಿಕೊಂಡರು. ಶಾಲೆಯಲ್ಲೇ ಉಳಿಯುವ ಮೇಷ್ಟ್ರ ಕೈಯಲ್ಲಿ ವಿದ್ಯೆಯಿದ್ದರೆ ಲ್ಯಾಬಿಗೆ ಬೀಗ ಬೀಳುವ ಸಂಭವ ಕಡಿಮೆ. ಇನ್ನು ಒಂದು ಯಂತ್ರಕ್ಕೆ ಹಲವರು ಎಂಬುದನ್ನು ಅನುಕೂಲವಾಗಿಯೂ ತಿರುಗಿಸಿಕೊಳ್ಳಬಹುದು: ಇಬ್ಬರಿಬ್ಬರ ಜೋಡಿ ಮಾಡಿ, ಒಬ್ಬಳು ಕೀಲಿ ಒತ್ತುವಾಗ ಇನ್ನೊಬ್ಬಳು ಮುಂದಿನ ಹೆಜ್ಜೆ ಬಾಯಲ್ಲಿ ಹೇಳಬೇಕು, ಹತ್ತು ನಿಮಿಷಕ್ಕೊಮ್ಮೆ ಅದಲುಬದಲಾಗಬೇಕು. ಗಡಿಯಾರ ನೋಡಿ ಕೀಲಿಮಣೆ ಕೈಬದಲಿಸುವ ಕಟ್ಟುನಿಟ್ಟು ಇದ್ದರೆ ಯಾರೂ ನೋಡುಗರಾಗಿ ಉಳಿಯುವುದಿಲ್ಲ.

ಮೇಷ್ಟ್ರು: ಕೊನೆಯದಾಗಿ ದೊಡ್ಡ ಪ್ರಶ್ನೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಇಂದು ಕನ್ನಡದಲ್ಲೇ ಕೇಳಿದರೂ ಇಂತಹ ತಂತ್ರಾಂಶಗಳು ಕೋಡ್ ಬರೆದುಕೊಡುತ್ತವೆ. ಮಗು ವರ್ಷಗಟ್ಟಲೆ ಕಷ್ಟಪಟ್ಟು ಕಲಿತದ್ದನ್ನು ಯಂತ್ರ ಕ್ಷಣದಲ್ಲಿ ಮಾಡಿದರೆ, ಆ ವರ್ಷಗಳನ್ನು ಓದಿಗೂ ಲೆಕ್ಕಕ್ಕೂ ಕೊಟ್ಟಿದ್ದರೆ ಮೇಲಾಗುತ್ತಿತ್ತಲ್ಲವೇ?

ಶಿಷ್ಯೆ: ಸರಾಸರಿ ಮಳೆಯ ಲೆಕ್ಕವನ್ನು ಅದಕ್ಕೆ ಕೇಳಿದರೆ ನಾಲ್ಕು ಉತ್ತರಗಳಲ್ಲಿ ಒಂದನ್ನು ತಾನೇ ಆರಿಸಿ ಬರೆದುಕೊಡುವ ಸಂಭವವೇ ಹೆಚ್ಚು. ಅದು ಆರಿಸಿದ್ದು ಯಾವುದು, ಮಳೆಯಿಲ್ಲದ ತಿಂಗಳಿಗೆ ಅದು ನಿಲ್ಲುತ್ತದೆಯೇ ಎಂದು ಪರೀಕ್ಷಿಸಲು ಕೋಡನ್ನು ಓದಬಲ್ಲ ಮನುಷ್ಯ ಬೇಕು. ಮೊದಲಾದರೆ ಯಂತ್ರ ಅರ್ಧ ಹೇಳಿದ್ದನ್ನು ಪೂರ್ತಿ ಮಾಡದೆ ನಿಂತುಬಿಡುತ್ತಿತ್ತು. ಈಗ ಅದು ತನಗೆ ತೋಚಿದಂತೆ ಪೂರ್ತಿ ಮಾಡಿ ಕೈಗಿಡುತ್ತದೆ. ನಿಂತ ಯಂತ್ರ ತಪ್ಪನ್ನು ತಾನೇ ತೋರಿಸುತ್ತಿತ್ತು, ನಿಲ್ಲದ ಯಂತ್ರದ ತಪ್ಪನ್ನು ಹುಡುಕಿಯೇ ಹಿಡಿಯಬೇಕು. ಆದ್ದರಿಂದ ಕಲಿಯುವ ಅಗತ್ಯ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಮೇಷ್ಟ್ರು: ಹಾಗಿದ್ದರೆ ಕಲಿಸಬೇಕಾದದ್ದು ಬರೆಯುವುದನ್ನಲ್ಲ, ಪರೀಕ್ಷಿಸುವುದನ್ನು, ಪ್ರಶ್ನೆಯನ್ನು ಪೂರ್ತಿಯಾಗಿ ಕೇಳುವುದನ್ನು, ಉತ್ತರವನ್ನು ಅನುಮಾನಿಸುವುದನ್ನು. ಅದು ಒಳ್ಳೆಯ ಗಣಿತ ಪಾಠ, ಒಳ್ಳೆಯ ಭಾಷಾ ಪಾಠ ಎರಡರಲ್ಲೂ ಮೊದಲಿನಿಂದ ಇದ್ದದ್ದೇ. ಹೊಸ ವಿಷಯವೊಂದನ್ನು ವೇಳಾಪಟ್ಟಿಗೆ ಸೇರಿಸುವ ಅಗತ್ಯ ಇನ್ನೂ ಸಾಬೀತಾಗಿಲ್ಲ.

ಶಿಷ್ಯೆ: ಒಮ್ಮೆಯೂ ಸ್ವತಃ ಬರೆಯದವರು ಇನ್ನೊಬ್ಬರು ಬರೆದದ್ದನ್ನು ಎಷ್ಟು ಆಳಕ್ಕೆ ಪರೀಕ್ಷಿಸಬಲ್ಲರು, ಮೇಷ್ಟ್ರೇ? ಸ್ವತಃ ಎಡವಿದವರಿಗೆ ಇನ್ನೊಬ್ಬರು ಎಡವುವ ಜಾಗ ತಿಳಿಯುತ್ತದೆ. ಎಷ್ಟು ಬರೆಸಬೇಕೆಂಬುದರಲ್ಲಿ ರಾಜಿಯಾಗಬಹುದು, ಬರೆಸಬೇಕೇ ಎಂಬುದರಲ್ಲಿ ಅಲ್ಲ.

ಮೇಷ್ಟ್ರು: ಎಷ್ಟು ಎಂಬುದೇ ಪ್ರಶ್ನೆಯಮ್ಮ. ಆ ಸಮಯ ಯಾವ ವಿಷಯದ ಪಾಲಿನಿಂದ ಬರುತ್ತದೆಂದು ಹೇಳುವವರೆಗೆ ಈ ಮಾತು ಮುಗಿಯುವುದಿಲ್ಲ.

ಇಬ್ಬರ ನಡುವಿನ ಈ ಕೊನೆಯ ಪ್ರಶ್ನೆಗೆ ಸಂವಾದದೊಳಗೆ ಉತ್ತರ ಸಿಕ್ಕಿಲ್ಲ. ಅದು ಶಾಲೆಯ ಸಮಯ, ಶಿಕ್ಷಕರ ಸಂಖ್ಯೆ, ಸರ್ಕಾರದ ಹಣ ಇವುಗಳನ್ನು ಒಟ್ಟಿಗೆ ತೂಗಿ ನೋಡಿ ತೀರ್ಮಾನಿಸಬೇಕಾದದ್ದು. ಆದರೆ ಆರಂಭ ಎಲ್ಲಿಂದ ಎಂಬುದರಲ್ಲಿ ಇಬ್ಬರೂ ಒಂದು ನೆಲೆಗೆ ಬಂದಿದ್ದಾರೆ: ಮಗುವಿಗೆ ತಿಳಿದ ಬದುಕಿನ ಲೆಕ್ಕದಿಂದ, ಕನ್ನಡದ ವಿವರಣೆಯಿಂದ, ಕಾಗದದ ಮೇಲಿನ ಊಹೆಯಿಂದ. ಯಂತ್ರಕ್ಕೆ ಹೇಳಬೇಕಾದದ್ದನ್ನು ಪೂರ್ತಿಯಾಗಿ ಹೇಳಲು ಕಲಿಯುವುದೇ ಈ ವಿದ್ಯೆಯ ಮೊದಲ ಪಾಠ. ಆ ಪಾಠ ಆಗದೆ ಕಲಿತ ಆಜ್ಞೆಗಳು ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತವೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಾಗಲಿ, ಇಂತಹ ಬೇರೆ ಯಾವ ಸೀಮೆಯಲ್ಲಾಗಲಿ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲು ಮುಂದಾಗುವವರು ಯಂತ್ರಗಳ ಖರೀದಿಗೆ ಮೊದಲು ವಿಷಯ ಶಿಕ್ಷಕರ ತರಬೇತಿಗೆ ಹಣ ತೆಗೆದಿಡಲಿ, ಪಠ್ಯ ಮುಗಿಸುವ ಅವಸರದಲ್ಲಿ ಮಕ್ಕಳ ತಪ್ಪುಗಳನ್ನು ತಾವೇ ತಿದ್ದಿಬಿಡದಿರಲಿ, ಪ್ರತಿ ತರಗತಿಯಲ್ಲೂ ಒಂದು ತಪ್ಪನ್ನಾದರೂ ಮಗು ತಾನೇ ಹುಡುಕಿ ತಿದ್ದುವಷ್ಟು ಸಮಯ ಕೊಡಲಿ.